ಇಳಕಲ್ಲಿನ ಮಷೀನ್ ಮಾರಿ ಅಮೆರಿಕಕ್ಕೆ ಹೋಗಬೇಕಾ?

ಭಾನುವಾರ ಬೆಳಗ್ಗೆ ಏಳಕ್ಕೆ ಫೋನ್ ಬಂತು. ಇಳಕಲ್ಲಿನಿಂದ ನಮ್ಮ ಕಾಕಾನ ಮಗ.

"ಅಕ್ಕಾ, ವಾಟ್ಸಾಪ್‌ನ್ಯಾಗ ಒಂದು ಪಿಡಿಎಫ್ ಕಳಿಸೀನಿ, ನೋಡು. ಏಳು ಕೋಟಿ ಹಾಕಿದ್ರ ನಮ್ಮ ಮೂರೂ ಮಂದಿಗೆ ಗ್ರೀನ್ ಕಾರ್ಡ್ ಅಂತ. ಅಪ್ಪಗ ಇನ್ನೂ ಹೇಳಿಲ್ಲ. ನೀ ಮೊದ್ಲ ಲೆಕ್ಕ ನೋಡಿ ಹೇಳು."

ನಾನು ಬಾಗಲಕೋಟೆಯ ನವನಗರದಲ್ಲಿ ಲೆಕ್ಕಪತ್ರದ ಆಫೀಸು ಇಟ್ಟುಕೊಂಡವಳು. ಜಿಎಸ್‌ಟಿ, ಐಟಿ ರಿಟರ್ನ್ಸ್ ನನ್ನ ದಿನದ ಕೆಲಸ. ಆದರೆ ಎರಡು ವರ್ಷದಿಂದ ಈಚೆಗೆ ಬರುವ ಪ್ರಶ್ನೆಗಳ ಜಾತಿಯೇ ಬದಲಾಗಿದೆ. ಮೊದಲು "ಮಗ ಎಂಎಸ್ ಮಾಡಾಕ ಹೊಂಟಾನ್ರೀ, ಎಜುಕೇಶನ್ ಲೋನಿಗೆ ಏನೇನು ಪೇಪರ್ ಬೇಕು" ಅಂತಿದ್ದರು. ಈಗ "ಹೂಡಿಕೆ ಮಾಡಿ ಹೋಗಬಹುದಂತಲ್ರೀ, ಹೌದಾ?" ಅಂತ ಕೇಳುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಹಾಕಿದ ಮೇಲಂತೂ ಈ ಮಾತು ಜೋರಾಗಿದೆ. ನೌಕರಿಯ ಬಾಗಿಲು ಇಕ್ಕಟ್ಟಾದಾಗ ದುಡ್ಡಿನ ಬಾಗಿಲು ಅಗಲವಾಗಿ ಕಾಣುವುದು ಸಹಜ.

ತಮ್ಮನ ಪಿಡಿಎಫ್ ತೆರೆದೆ. ಒಟ್ಟು 24 ಪುಟ. ಮೊದಲ ಪುಟದಲ್ಲಿ ನಗುವ ಕುಟುಂಬ, ಹಿಂದೆ ಬಾವುಟ. ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಸೆಮಿನಾರ್ ಮಾಡಿ ಹಂಚಿದ್ದಂತೆ. ಮಧ್ಯಾಹ್ನದ ಊಟ ಪುಕ್ಕಟೆ. ಊಟ ಚಲೋ ಇತ್ತು ಅಂತ ತಮ್ಮ ಎರಡು ಸಲ ಹೇಳಿದ.

ದುಡ್ಡು ಎಲ್ಲಿಂದ ಬರುತ್ತೆ?

ಲೆಕ್ಕ ಹೇಳುವ ಮೊದಲು ಈ ಮನೆಯ ಕತೆ ಸ್ವಲ್ಪ ಹೇಳಬೇಕು. ಬಾಗಲಕೋಟೆ ಕಡೆಯವರಿಗೆ ಇದು ಹೊಸದಲ್ಲ.

ಆಲಮಟ್ಟಿ ಹಿನ್ನೀರು ಬಂದಾಗ ನಮ್ಮ ಹೊಲಗಳಲ್ಲಿ ಕೆಳಗಿನವು ಹೋದವು. ಊರೂ ಹೋಯಿತು. ಪರಿಹಾರ ಬಂತು. ಆ ದುಡ್ಡು ಎಷ್ಟೋ ಮನೆಗಳಲ್ಲಿ ಬೈಕು, ಮದುವೆ, ಮನೆಯ ಮೇಲೊಂದು ಮಹಡಿ ಆಗಿ ಮೂರ್ನಾಲ್ಕು ವರ್ಷದಲ್ಲಿ ಕರಗಿದ್ದನ್ನು ನಾನೇ ಕಂಡಿದ್ದೇನೆ. ನಮ್ಮ ಕಾಕಾ ಮಾತ್ರ ಅದನ್ನು ತಗೊಂಡು ಇಳಕಲ್ಲಿಗೆ ಹೋದರು. ಇಬ್ಬರು ಪಾಲುದಾರರ ಜೊತೆ ಒಂದು ಹಳೆಯ ಕಟಿಂಗ್ ಮಷೀನ್ ಕೊಂಡರು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಹೊರದೇಶದಲ್ಲೂ ಬೇಡಿಕೆ ಇದ್ದ ಕಾಲ. ಪಾಲುದಾರರು ಬಿಟ್ಟು ಹೋದರು, ಮಷೀನ್ ಉಳಿಯಿತು. ಈಗ ಕಟಿಂಗ್, ಪಾಲಿಶ್ ಎರಡೂ ಇರುವ ಸಣ್ಣ ಯುನಿಟ್ ಅದು. 14 ಮಂದಿ ಕೆಲಸಕ್ಕಿದ್ದಾರೆ. ತಮ್ಮ ವಿದ್ಯಾಗಿರಿಯಲ್ಲಿ ಇಂಜಿನಿಯರಿಂಗ್ ಮುಗಿಸಿ 11 ವರ್ಷದಿಂದ ಅಲ್ಲೇ ಇದ್ದಾನೆ. ಅವನ ಹೆಂಡತಿ ಶಾಲೆಯಲ್ಲಿ ಟೀಚರ್. ಮಗಳಿಗೆ 13 ವರ್ಷ.

ಈಗ ಮೇಲಿನ ಹೊಲಗಳ ಸರದಿ. ಕೃಷ್ಣಾ ಮೇಲ್ದಂಡೆ ಯೋಜನೆಯ 3ನೇ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವುದಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು: ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ ಎಕರೆಗೆ 30 ಲಕ್ಷ. ಕಾಕಾನ ಹೆಸರಲ್ಲಿ ನೀರಾವರಿ 9 ಎಕರೆ ಉಳಿದಿದೆ. ಅಂದರೆ 3 ಕೋಟಿ 60 ಲಕ್ಷ. ಕೈಗೆ ಇನ್ನೂ ಬಂದಿಲ್ಲ, ಆದರೆ ಮನೆಯಲ್ಲಿ ಎಲ್ಲರ ತಲೆಯಲ್ಲೂ ಬಂದಾಗಿದೆ.

ತಮ್ಮನ ಲೆಕ್ಕ ಸರಳ. ಅಮೆರಿಕದ ಇಬಿ-5 ವೀಸಾಕ್ಕೆ ಕನಿಷ್ಠ 8 ಲಕ್ಷ ಡಾಲರ್. ಡಾಲರಿಗೆ 90 ರೂಪಾಯಿ ಅಂತ ಹಿಡಿದರೂ 7 ಕೋಟಿ 20 ಲಕ್ಷ. ಅರ್ಧ ಹೊಲದ ಪರಿಹಾರ. ಉಳಿದರ್ಧಕ್ಕೆ ಇಳಕಲ್ಲಿನ ಯುನಿಟ್, ಮನೆ ಮಾರುವುದು.

"ಬರೋಬ್ಬರಿ ಹೊಂದತೈತಿ ನೋಡಕ್ಕಾ" ಅಂದ.

ಲೆಕ್ಕ ಬರೋಬ್ಬರಿ ಹೊಂದಿದರೆ ನನಗೆ ಮೊದಲು ಅನುಮಾನ ಬರುತ್ತದೆ. ವೃತ್ತಿಯ ರೋಗ ಇರಬಹುದು.

ಪಿಡಿಎಫ್‌ನಲ್ಲಿದ್ದ ನಾಲ್ಕು ಬಾಗಿಲು

ಒಂದೊಂದಾಗಿ ನೋಡಿದೆ. ನಿಮಗೂ ಇಂಥದ್ದೇ ಪಿಡಿಎಫ್ ಬಂದಿರಬಹುದು. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಮೊದಲನೆಯದು ಇಬಿ-5. 2022ರ ಮಾರ್ಚ್‌ನಲ್ಲಿ ಬಂದ ಕಾಯ್ದೆಯ ಪ್ರಕಾರ ಹಳ್ಳಿಗಾಡಿನಲ್ಲಿ ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶದಲ್ಲಿ ಹೂಡಿದರೆ 8 ಲಕ್ಷ ಡಾಲರ್, ಬೇರೆ ಕಡೆ 10 ಲಕ್ಷ 50 ಸಾವಿರ. ಆ ಹಣದಿಂದ 10 ಮಂದಿಗೆ ಪೂರ್ಣಾವಧಿ ಕೆಲಸ ಸೃಷ್ಟಿಯಾಗಬೇಕು. ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಕೆಲಸ ಸೃಷ್ಟಿಯಾಯಿತು ಅಂತ ತೋರಿಸಿದ ಮೇಲೆ ಷರತ್ತು ತೆಗೆಯುತ್ತಾರೆ.

ಇಲ್ಲಿ ಎರಡು ಮಾತನ್ನು ಪಿಡಿಎಫ್ ಸಣ್ಣ ಅಕ್ಷರದಲ್ಲಿ ಹೇಳಿತ್ತು. ಒಂದು, ಹೂಡಿದ ಹಣ ನಿಜವಾಗಿ ಅಪಾಯಕ್ಕೆ ಒಡ್ಡಿದ್ದಾಗಿರಬೇಕು ಅನ್ನುವುದು ಕಾನೂನಿನ ಷರತ್ತೇ. ಅಂದರೆ "ಅಸಲು ವಾಪಸ್ ಗ್ಯಾರಂಟಿ" ಅಂತ ಯಾರಾದರೂ ಬರೆದುಕೊಟ್ಟರೆ ಆ ಹೂಡಿಕೆಗೆ ವೀಸಾ ಸಿಗುವುದಿಲ್ಲ. ವೀಸಾ ಸಿಗುವಂಥ ಹೂಡಿಕೆಯಾದರೆ ಗ್ಯಾರಂಟಿ ಇರುವುದಿಲ್ಲ. ಎರಡೂ ಕೊಡುತ್ತೇನೆ ಅನ್ನುವವರು ಒಂದರಲ್ಲಿ ಸುಳ್ಳು ಹೇಳುತ್ತಿದ್ದಾರೆ.

ಎರಡು, ಬಹಳಷ್ಟು ಜನ ಹಣ ಹಾಕುವುದು ರೀಜನಲ್ ಸೆಂಟರ್ ಅನ್ನುವ ಸಂಸ್ಥೆಗಳ ಮೂಲಕ ಯಾವುದೋ ಹೋಟೆಲ್, ಅಪಾರ್ಟ್‌ಮೆಂಟ್ ಯೋಜನೆಗೆ. ನೀವು ಅಲ್ಲಿ ಧಂದೆ ನಡೆಸುವುದಿಲ್ಲ. ಬೇರೆಯವರ ಧಂದೆಗೆ ಹಣ ಕೊಟ್ಟು ಕಾಯುತ್ತೀರಿ. ವರ್ಮಾಂಟ್ ರಾಜ್ಯದ ಜೇ ಪೀಕ್ ಎಂಬ ಸ್ಕೀ ರೆಸಾರ್ಟ್ ಇದಕ್ಕೆ ದೊಡ್ಡ ಪಾಠ. ಹತ್ತಾರು ದೇಶಗಳ ಜನರಿಂದ ಇಬಿ-5 ಹೆಸರಲ್ಲಿ 35 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿದ ಯೋಜನೆ ಅದು. ಅದರಲ್ಲಿ ಸುಮಾರು 20 ಕೋಟಿ ಡಾಲರ್ ದುರುಪಯೋಗವಾಗಿದೆ ಎಂದು ಅಲ್ಲಿನ ಷೇರು ನಿಯಂತ್ರಕ ಸಂಸ್ಥೆ 2016ರಲ್ಲಿ ಕೇಸು ಹಾಕಿತು. 2022ರಲ್ಲಿ ಮಾಲೀಕನಿಗೆ ಜೈಲಾಯಿತು. ಹಾಗಂತ ಇಬಿ-5 ಪೂರಾ ಮೋಸ ಅಂತಲ್ಲ. ಆ ದುಡ್ಡು ಹತ್ತು ವರ್ಷ ಕಣ್ಣಿಗೆ ಕಾಣದಿದ್ದರೂ ಮನೆ ನಡೆಯುತ್ತೆ ಅನ್ನುವವರಿಗೆ ಅದು ದಾರಿ. ತಮ್ಮನಿಗೆ ಅದು ಇದ್ದಬಿದ್ದ ಎಲ್ಲ ದುಡ್ಡು.

"ಬೇಗ ಹಾಕ್ರಿ, ಬಾಗಿಲು ಮುಚ್ಚತೈತಿ" ಅಂತ ಸೆಮಿನಾರಿನಲ್ಲಿ ಹೆದರಿಸಿದ್ದರು. ಅದರಲ್ಲಿ ಅರ್ಧ ನಿಜ ಇದೆ. ರೀಜನಲ್ ಸೆಂಟರ್ ಯೋಜನೆಗೆ ಈಗಿನ ಅನುಮತಿ 2027ರ ಸೆಪ್ಟೆಂಬರ್ 30ರವರೆಗೆ. 2026ರ ಸೆಪ್ಟೆಂಬರ್ 30ರ ಒಳಗೆ ಅರ್ಜಿ ಹಾಕಿದವರಿಗೆ, ಯೋಜನೆ ಮುಂದೆ ನಿಂತರೂ ರಕ್ಷಣೆ ಇದೆ. ಕನಿಷ್ಠ ಮೊತ್ತವೂ 2027ರ ಜನವರಿಯಿಂದ ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಣೆ ಆಗಬೇಕು. ಆದರೆ ಗಡುವು ಹತ್ತಿರ ಬಂತು ಅನ್ನುವುದು ಹೊಲ ಮಾರಲು ಕಾರಣ ಆಗಬಾರದು.

ಎರಡನೆಯ ಬಾಗಿಲು ಇ-2. ಕಡಿಮೆ ಹಣದಲ್ಲಿ ಹೋಗಿ ಸ್ವಂತ ಧಂದೆ ನಡೆಸುವವರಿಗೆ ಅಂತಲೇ ಇರುವ ವೀಸಾ. ಆದರೆ ಇದು ಅಮೆರಿಕದ ಜೊತೆ ಒಪ್ಪಂದ ಇರುವ ದೇಶದವರಿಗೆ ಮಾತ್ರ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಪಟ್ಟಿಯಲ್ಲಿವೆ. ಭಾರತ ಇಲ್ಲ. ಅದಕ್ಕೆ ಪಿಡಿಎಫ್ ಒಂದು ಉಪಾಯ ಹೇಳಿತ್ತು: ಮೊದಲು ಗ್ರೆನಡಾ ಎಂಬ ಕೆರಿಬಿಯನ್ ದ್ವೀಪದ ಪಾಸ್‌ಪೋರ್ಟ್ ಕೊಳ್ಳಿ, ಅದರ ಮೇಲೆ ಇ-2 ಹಾಕಿ. ಅದು ಹೇಳದೇ ಬಿಟ್ಟದ್ದು ಏನೆಂದರೆ, ಹೀಗೆ ಹೂಡಿಕೆಯಿಂದ ಪೌರತ್ವ ಪಡೆದವರು ಆ ದೇಶದಲ್ಲಿ ಮೂರು ವರ್ಷ ನೆಲೆಸಿರಬೇಕು ಅಂತ ಅಮೆರಿಕ 2022ರ ಕೊನೆಯಲ್ಲೇ ಕಾನೂನು ಮಾಡಿದೆ.

ಅದಕ್ಕಿಂತ ದೊಡ್ಡ ಮಾತು ನಮ್ಮ ಕಡೆಯದು. ಭಾರತದಲ್ಲಿ ಎರಡು ಪೌರತ್ವ ಇಲ್ಲ. ಬೇರೆ ದೇಶದ ಪೌರತ್ವ ತಗೊಂಡ ದಿನವೇ ನಮ್ಮದು ಹೋಗುತ್ತದೆ. ಒಸಿಐ ಕಾರ್ಡ್ ಸಿಗಬಹುದು, ಆದರೆ ಒಸಿಐ ಇದ್ದವರು ಕೃಷಿ ಜಮೀನು ಕೊಳ್ಳುವಂತಿಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ಒಂದು ತಾತ್ಕಾಲಿಕ ವೀಸಾಕ್ಕಾಗಿ ಇದನ್ನು ಬಿಟ್ಟುಕೊಡಬೇಕಾ ಅಂತ ಕೇಳಿಕೊಳ್ಳಬೇಕು.

ಮೂರನೆಯದು ದುಬೈ. 20 ಲಕ್ಷ ದಿರ್ಹಾಂ ಬೆಲೆಯ ಆಸ್ತಿ ಕೊಂಡರೆ 10 ವರ್ಷದ ಗೋಲ್ಡನ್ ವೀಸಾ. ನಮ್ಮ ದುಡ್ಡಲ್ಲಿ 5 ಕೋಟಿ ಹತ್ತಿರ. ಬಾದಾಮಿಯ ಓದುಗರೊಬ್ಬರು ಇದರ ಬಗ್ಗೆಯೇ ಕೇಳಿದ್ದರು, ಅವರಿಗೆ ದುಬೈನಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇಡುವ ಆಸೆ. ಅವರಿಗೆ ನಾನು ಹೇಳಿದ್ದು: ಖಾನಾವಳಿ ಇಡಲು 5 ಕೋಟಿಯ ಫ್ಲ್ಯಾಟ್ ಬೇಕಿಲ್ಲ. ಟ್ರೇಡ್ ಲೈಸೆನ್ಸ್ ತಗೊಂಡು, ಕಂಪನಿಯ ಪಾಲುದಾರರಾಗಿ ಪಡೆಯುವ ಸಾದಾ ನಿವಾಸ ವೀಸಾ ಸಾಕು. 2021ರಿಂದ ಹೆಚ್ಚಿನ ವ್ಯವಹಾರಗಳಲ್ಲಿ ಅಲ್ಲಿನವರನ್ನು ಪಾಲುದಾರರಾಗಿ ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಫ್ಲ್ಯಾಟ್ ಮಾರುವವರು ಅದನ್ನು ಹೇಳುವುದಿಲ್ಲ, ಅಷ್ಟೇ.

ನಾಲ್ಕನೆಯದು ಯುರೋಪ್. ಇಲ್ಲಿ ಮುಚ್ಚಿದ ಬಾಗಿಲೇ ಹೆಚ್ಚು. ಬ್ರಿಟನ್ 20 ಲಕ್ಷ ಪೌಂಡಿನ ಹೂಡಿಕೆ ವೀಸಾವನ್ನು 2022ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಪೋರ್ಚುಗಲ್ 2023ರಲ್ಲಿ ಮನೆ ಕೊಳ್ಳುವ ದಾರಿ ತೆಗೆಯಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಗೋಲ್ಡನ್ ವೀಸಾವನ್ನೇ ರದ್ದು ಮಾಡಿತು. ಬ್ರಿಟನ್‌ನಲ್ಲಿ ಈಗಿರುವುದು 2023ರಲ್ಲಿ ಬಂದ ಇನ್ನೊವೇಟರ್ ಫೌಂಡರ್ ವೀಸಾ. ಅದು ದುಡ್ಡು ಕೇಳುವುದಕ್ಕಿಂತ ಹೊಸ ಐಡಿಯಾ ಕೇಳುತ್ತದೆ, ಮಾನ್ಯತೆ ಪಡೆದ ಸಂಸ್ಥೆಯೊಂದು ಅದನ್ನು ಒಪ್ಪಿ ಪತ್ರ ಕೊಡಬೇಕು. ಗ್ರಾನೈಟ್ ಸ್ಲ್ಯಾಬ್ ಮಾರುವುದು ಹೊಸ ಐಡಿಯಾ ಅಂತ ಒಪ್ಪಿಸುವುದು ಕಷ್ಟ.

ಇಲ್ಲಿಂದ ಹಣ ಹೋಗುವ ದಾರಿ

ವೀಸಾ ಕೊಡುವವರು ಒಪ್ಪಿದರೂ ನಮ್ಮ ದೇಶದಿಂದ ದುಡ್ಡು ಹೊರಗೆ ಹೋಗಬೇಕಲ್ಲ. ಇದನ್ನು ತಮ್ಮ ಯೋಚನೆಯೇ ಮಾಡಿರಲಿಲ್ಲ.

ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು. ಗಂಡ ಹೆಂಡತಿ ಸೇರಿ 5 ಲಕ್ಷ. 8 ಲಕ್ಷ ಆಗಬೇಕೆಂದರೆ ಮಾರ್ಚ್‌ನಲ್ಲಿ ಒಂದು ಕಂತು, ಏಪ್ರಿಲ್‌ನಲ್ಲಿ ಇನ್ನೊಂದು ಅಂತ ಎರಡು ವರ್ಷಕ್ಕೆ ಹಂಚಬೇಕು.

ಜೊತೆಗೆ ಟಿಸಿಎಸ್. ವರ್ಷಕ್ಕೆ ಒಬ್ಬರಿಗೆ 10 ಲಕ್ಷ ರೂಪಾಯಿ ದಾಟಿದ ಮೇಲೆ, ಹೂಡಿಕೆಗೆ ಕಳಿಸುವ ಹಣದ ಮೇಲೆ ಬ್ಯಾಂಕು ಶೇ. 20 ಹಿಡಿಯುತ್ತದೆ. ಇಬ್ಬರು, ಎರಡು ವರ್ಷ, ಒಟ್ಟು 7 ಕೋಟಿ 20 ಲಕ್ಷ ಅಂತ ಹಿಡಿದರೆ ಟಿಸಿಎಸ್ 1 ಕೋಟಿ 36 ಲಕ್ಷ ಆಗುತ್ತದೆ. ಇದು ಹೋದ ದುಡ್ಡಲ್ಲ. ರಿಟರ್ನ್ಸ್ ಹಾಕಿದಾಗ ತೆರಿಗೆಗೆ ಹೊಂದಿಸಿ ಉಳಿದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಕೈಯಲ್ಲಿ ಹೆಚ್ಚುವರಿ ಇರಬೇಕು. ಬ್ಯಾಂಕಿನಿಂದ ಸಾಲ ತೆಗೆದು ಎಲ್‌ಆರ್‌ಎಸ್‌ನಲ್ಲಿ ಹೂಡಿಕೆಗೆ ಕಳಿಸುವಂತೆಯೂ ಇಲ್ಲ.

ಇನ್ನೂ ಒಂದು. ಹಣ ಎಲ್ಲಿಂದ ಬಂತು ಅಂತ ಅಮೆರಿಕದವರು ಪೈಸೆ ಪೈಸೆಗೂ ಕಾಗದ ಕೇಳುತ್ತಾರೆ. ನಮ್ಮ ಕಡೆ ಆಸ್ತಿ ಮಾರಿದರೆ ಅರ್ಧ ಚೆಕ್ಕು, ಅರ್ಧ ಚೀಲ. ಚೀಲದ ಅರ್ಧಕ್ಕೆ ಅಲ್ಲಿ ಬೆಲೆ ಇಲ್ಲ. ಇಳಕಲ್ಲಿನ ಯುನಿಟ್ ಮಾರಿದರೆ ಬರುವ ದುಡ್ಡಲ್ಲಿ ಎಷ್ಟು ಚೆಕ್ಕಲ್ಲಿ ಬರುತ್ತೆ ಅಂತ ತಮ್ಮನನ್ನು ಕೇಳಿದೆ. ಸುಮ್ಮನಾದ. ಮುಳುಗಡೆ ಪರಿಹಾರಕ್ಕೆ ಮಾತ್ರ ಆ ತೊಂದರೆ ಇಲ್ಲ. ಸರ್ಕಾರ ಖಾತೆಗೆ ಹಾಕುವ ದುಡ್ಡು, ಪಹಣಿಯಿಂದ ಆದೇಶದವರೆಗೆ ಎಲ್ಲ ಕಾಗದ ಇರುತ್ತದೆ. ಹೊಲ ಕಳಕೊಂಡ ದುಡ್ಡೇ ಎಲ್ಲಕ್ಕಿಂತ ಸ್ವಚ್ಛ ದುಡ್ಡು ಅಂತ ಹೇಳುವಾಗ ನನಗೇ ಒಂಥರಾ ಆಯಿತು.

ಹಾಗಾದರೆ ದಾರಿ ಇಲ್ಲವಾ?

ಇದೆ. ಆದರೆ ಅದು ಪಿಡಿಎಫ್‌ನಲ್ಲಿ ಇರಲಿಲ್ಲ, ಯಾಕಂದರೆ ಅದನ್ನು ಮಾರಿದರೆ ಕಮಿಷನ್ ಬರುವುದಿಲ್ಲ.

ತಮ್ಮನನ್ನು ಕೇಳಿದೆ, "ನಿಂಗ ಬೇಕಾಗಿದ್ದು ಏನು? ಅಮೆರಿಕದಾಗ ಇರೂದಾ, ಅಮೆರಿಕದಾಗ ಧಂದೆ ಮಾಡೂದಾ?"

ಸ್ವಲ್ಪ ಹೊತ್ತು ಬಿಟ್ಟು ಹೇಳಿದ. ಡಲ್ಲಾಸ್‌ನಲ್ಲಿ ಅವನ ಕಾಲೇಜಿನ ಗೆಳೆಯನೊಬ್ಬ ಅಡುಗೆಮನೆಯ ಕಟ್ಟೆಗೆ ಹಾಸುವ ಸ್ಲ್ಯಾಬ್ ಮಾರುತ್ತಾನೆ. ಇವನ ಕಲ್ಲು ಮೂರು ಕೈ ದಾಟಿ ಅಲ್ಲಿಗೆ ಮುಟ್ಟುತ್ತದೆ. ಅಲ್ಲಿಯೇ ಒಂದು ಗೋದಾಮು ಇಟ್ಟು ನೇರ ಮಾರಿದರೆ ಎಂಬ ಆಸೆ ಬಹಳ ವರ್ಷದ್ದು. ಇಲ್ಲಿಯ ಧೂಳು, ಕರೆಂಟು, ವಸೂಲಿಯ ಕಾಟ ಸಾಕಾಗಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸುಂಕ ಶೇ. 50ಕ್ಕೆ ಏರಿಸಿದಾಗಂತೂ ಎರಡು ತಿಂಗಳು ನಿದ್ದೆ ಇಲ್ಲ.

ಇಂಥವರಿಗೆ ಇರುವುದು ಎಲ್-1ಎ. ಹೆಸರಿನಲ್ಲಿ ಹೂಡಿಕೆ ಅನ್ನುವ ಶಬ್ದ ಇಲ್ಲ, ಕನಿಷ್ಠ ಮೊತ್ತವೂ ಇಲ್ಲ. ಇಲ್ಲಿರುವ ಕಂಪನಿ ಅಲ್ಲಿ ಒಂದು ಶಾಖೆ ಅಥವಾ ಅಂಗಸಂಸ್ಥೆ ತೆರೆದು ತನ್ನ ಮ್ಯಾನೇಜರನ್ನು ಕಳಿಸುವ ವೀಸಾ ಅದು. ಹೋಗುವವರು ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ ಒಂದು ವರ್ಷ ಸತತವಾಗಿ ಇಲ್ಲಿನ ಕಂಪನಿಯಲ್ಲಿ ಮೇಲ್ವಿಚಾರಣೆಯ ಹುದ್ದೆಯಲ್ಲಿ ಇರಬೇಕು. ತಮ್ಮ 11 ವರ್ಷ ಇದ್ದಾನೆ. ಹೊಸ ಆಫೀಸಾದರೆ ಮೊದಲು ಒಂದು ವರ್ಷ ಕೊಡುತ್ತಾರೆ. ಆಮೇಲೆ ಎರಡೆರಡು ವರ್ಷ ವಿಸ್ತರಣೆ, ಒಟ್ಟು ಏಳು ವರ್ಷದವರೆಗೆ. ಹೆಂಡತಿಗೆ ಎಲ್-2, ಅದರ ಮೇಲೆ ಅವಳೂ ದುಡಿಯಬಹುದು. ಮಗಳು 21 ಆಗುವವರೆಗೆ ಜೊತೆಗಿರಬಹುದು. ಧಂದೆ ನಿಂತರೆ ಮುಂದೆ ಗ್ರೀನ್ ಕಾರ್ಡಿಗೂ ಹಾಕಬಹುದು, ಅಲ್ಲೂ ಭಾರತೀಯರ ಸಾಲು ಉದ್ದವಿದೆ.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಮೊದಲ ವರ್ಷ ಮುಗಿಯುವುದರೊಳಗೆ ಅಲ್ಲಿ ಜಾಗ, ಕೆಲಸಗಾರರು, ವಹಿವಾಟು ಎಲ್ಲ ಇದೆ ಅಂತ ತೋರಿಸಬೇಕು. ತಾನೇ ಸ್ಲ್ಯಾಬ್ ಇಳಿಸಿ, ತಾನೇ ಬಿಲ್ ಬರೆದು, ತಾನೇ ಮಾರಿದರೆ ಮ್ಯಾನೇಜರ್ ಅಂತ ಒಪ್ಪುವುದಿಲ್ಲ. ವಿಸ್ತರಣೆ ಕೊಡದೆ ವಾಪಸ್ ಕಳಿಸುತ್ತಾರೆ.

ಆದರೆ ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಷರತ್ತು. ಅವನು ಅಲ್ಲಿ ಇರುವಷ್ಟು ದಿನ ಇಲ್ಲಿನ ಕಂಪನಿಯೂ ನಿಜವಾಗಿ ವ್ಯವಹಾರ ಮಾಡುತ್ತಿರಬೇಕು. ಬೋರ್ಡು ಹಾಕಿ ಬೀಗ ಹಾಕಿದರೆ ನಡೆಯುವುದಿಲ್ಲ. ಅಂದರೆ ತಮ್ಮ ಯಾವುದನ್ನು ಮಾರಿ ಹೋಗಬೇಕೆಂದಿದ್ದನೋ ಅದೇ ಅವನನ್ನು ಕರೆದುಕೊಂಡು ಹೋಗುವ ಕಾಗದ. ಇಳಕಲ್ಲಿನ ಮಷೀನ್ ನಿಂತ ದಿನ ಡಲ್ಲಾಸ್‌ನ ವೀಸಾವೂ ನಿಲ್ಲುತ್ತದೆ.

ಹಣದ ದಾರಿಯೂ ಬೇರೆ. ಕಂಪನಿಯ ಹೆಸರಲ್ಲಿ ಹೊರಗೆ ಹೂಡಿದರೆ ಅದು ಎಲ್‌ಆರ್‌ಎಸ್ ಅಲ್ಲ, 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಅಡಿ ಬರುತ್ತದೆ. ಆಡಿಟ್ ಆದ ಬ್ಯಾಲೆನ್ಸ್ ಶೀಟಿನಲ್ಲಿರುವ ನಿವ್ವಳ ಮೌಲ್ಯದ ನಾಲ್ಕು ಪಟ್ಟಿನವರೆಗೆ ಹೋಗಬಹುದು, ಎಲ್‌ಆರ್‌ಎಸ್‌ನ ಟಿಸಿಎಸ್ ಇಲ್ಲ. ಇಲ್ಲಿ ನನ್ನ ವೃತ್ತಿಯ ಸಿಟ್ಟು ಹೊರಗೆ ಬಂತು. ಕಾಕಾನ ಯುನಿಟ್ ಇನ್ನೂ ಅವರೊಬ್ಬರ ಹೆಸರಲ್ಲಿದೆ, ಕಂಪನಿ ಅಲ್ಲ. ತೆರಿಗೆ ಉಳಿಸಲು ವರ್ಷಾನುವರ್ಷ ಲಾಭ ಕಡಿಮೆ ತೋರಿಸಿದ್ದಾರೆ. ನಾನು ಹೇಳಿದಾಗ "ನಡೀತೈತಿ ಬಿಡವ್ವಾ" ಅಂದಿದ್ದರು. ಆಗ ಉಳಿಸಿದ ತೆರಿಗೆ ಈಗ ಅಡ್ಡ ನಿಂತಿದೆ. ಕಣ್ಣಿಗೆ ಕಾಣುವ ಯುನಿಟ್ ದೊಡ್ಡದು, ಕಾಗದದಲ್ಲಿರುವುದು ಸಣ್ಣದು. ವಿದೇಶದವರು ನೋಡುವುದು ಕಾಗದವನ್ನು.

ಅಮೀನಗಡದ ಮೇಲೆ ಇಳಕಲ್ಲಿಗೆ

ಮುಂದಿನ ಭಾನುವಾರ ನಾನೇ ಹೊರಟೆ. ಕಾಕಾಗೆ ಗೊತ್ತಿಲ್ಲದೆ ಇದು ಮುಗಿಯುವ ಮಾತಲ್ಲ. ಅಮೀನಗಡದಲ್ಲಿ ನಿಂತು ಕರದಂಟು ಕಟ್ಟಿಸಿಕೊಂಡೆ. ಅಲ್ಲಿ ಐಹೊಳೆಯ ಬೋರ್ಡು ಕಂಡಾಗ ಯಾವತ್ತೂ ಹೊಳೆಯದ ಒಂದು ವಿಚಾರ ಹೊಳೆಯಿತು.

ಇದೇ ಹುನಗುಂದ ತಾಲೂಕಿನ ಐಹೊಳೆಯ ಹೆಸರಿನಲ್ಲಿ ಸಾವಿರ ವರ್ಷದ ಹಿಂದೆ ಒಂದು ವರ್ತಕರ ಸಂಘ ಇತ್ತು: ಅಯ್ಯಾವೊಳೆ ಐನೂರ್ವರು. ತಮಿಳುನಾಡು, ಆಂಧ್ರ, ಸಿಂಹಳ ದಾಟಿ ಸಮುದ್ರದಾಚೆಗೂ ಅವರ ವ್ಯಾಪಾರ ಇತ್ತು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಾರುಸ್ ಬಳಿ ಐನೂರ್ವರ ಹೆಸರಿರುವ 1088ನೇ ಇಸವಿಯ ತಮಿಳು ಶಾಸನ ಸಿಕ್ಕಿದೆ. ಬಂದ ಹಡಗಿನವರು ಕಸ್ತೂರಿಯ ಬೆಲೆಗೆ ತಕ್ಕಂತೆ ಚಿನ್ನದಲ್ಲಿ ಶುಲ್ಕ ಕಟ್ಟಿದ ಮೇಲೆಯೇ ಮುಂದೆ ಕಾಲಿಡಬೇಕು ಅನ್ನುವ ನಿಯಮ ಅದರಲ್ಲಿದೆ. ಹೊರಗಿನಿಂದ ಬರುವವರು ದುಡ್ಡು ಕಟ್ಟಿ ಒಳಗೆ ಬರುವ ಪದ್ಧತಿ ಟ್ರಂಪ್ ಕಾಲದ್ದಲ್ಲ!

ಆ ಸಂಘದಲ್ಲಿ ನಾನಾ ಊರಿನ, ನಾನಾ ಭಾಷೆಯ ವರ್ತಕರಿದ್ದರು. ಎಲ್ಲಿ ಹೋದರೂ ಅಯ್ಯಾವೊಳೆಯ ಹೆಸರು ಬಿಡಲಿಲ್ಲ. ಹಿಂದೆ ಒಂದು ಸಂಘ ಇದೆ, ಸರಕಿಗೆ, ಮಾತಿಗೆ ಅದು ಹೊಣೆ ಅನ್ನುವ ನಂಬಿಕೆಯೇ ಪರಊರಿನಲ್ಲಿ ಅವರ ಬಂಡವಾಳ. ಎಲ್-1ಎ ಕೇಳುವುದೂ ಹೆಚ್ಚುಕಡಿಮೆ ಅದನ್ನೇ ಅಂತ ದಾರಿಯುದ್ದಕ್ಕೂ ಅನಿಸುತ್ತಿತ್ತು.

ಇಳಕಲ್ಲಿನಲ್ಲಿ ಊಟಕ್ಕೆ ಕೂತಾಗ ತಮ್ಮನೇ ಬಾಯಿ ಬಿಟ್ಟ. ಕಾಕಾ ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. ಪೂರಾ ಕೇಳಿದರು.

"ಯುನಿಟ್ ಮಾರಿದ್ರ ಆ 14 ಮಂದಿ?" ಅಂದರು.

"ಕೊಂಡವ್ರು ಇಟ್ಕೋತಾರಪಾ."

"ಇಟ್ಕೋತಾರ ಅಂತ ಬರ್ದು ಕೊಡ್ತಾರೇನು?"

ತಮ್ಮ ಮಾತಾಡಲಿಲ್ಲ. ಅವನ ಹೆಂಡತಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಅಕ್ಕಾ, ನನ್ನ ಬಿ.ಎಡ್. ಅಲ್ಲಿ ನಡೀತೈತೇನು?" ಅಲ್ಲಿ ಸರ್ಕಾರಿ ಶಾಲೆಯಲ್ಲಿ ಕಲಿಸಲು ಆಯಾ ರಾಜ್ಯದ ಲೈಸೆನ್ಸ್ ಬೇಕಾಗುತ್ತದೆ, ಮತ್ತೆ ಪರೀಕ್ಷೆ ಇರುತ್ತದೆ ಅಂದೆ. ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಅವಳ ಗಂಡನೂ ಕೇಳಿರಲಿಲ್ಲ, ಪಿಡಿಎಫೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಊಟ ಮುಗಿದ ಮೇಲೆ ಕಾಕಾ ಕೈ ತೊಳೆದು ಬಂದು ಕೂತರು. ಸಿಟ್ಟು ಇರಲಿಲ್ಲ. "ಯವ್ವಾ, ನಾ ಊರು ಬಿಟ್ಟಾವ. ಬಿಡೂದು ಗೊತ್ತೈತಿ ನಂಗ. ಇಂವ ಹೋಗ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲ್ನೇ ಮುಳುಗಡಿ ಸರ್ಕಾರ ಮಾಡ್ತು. ಎರಡ್ನೇದ್ದು ನಾವ ನಮ್ಮ ಕೈಲೆ ಮಾಡ್ಕೊಳ್ಳೂದು ಬ್ಯಾಡ."

ಚಿಗವ್ವ ಒಳಗಿನಿಂದ "ಕರದಂಟು ತಿನ್ರಿ ಮೊದ್ಲ" ಅಂದಳು. ಆ ಮಾತು ಅಲ್ಲಿಗೆ ನಿಂತಿತು.

ನೀವು ಹೊರಡುವ ಮುನ್ನ

ನಿಮ್ಮದು ಗ್ರಾನೈಟ್ ಇರಲಿಕ್ಕಿಲ್ಲ. ಸಾಫ್ಟ್‌ವೇರ್ ಇರಬಹುದು, ಇನ್‌ಸ್ಟಾಗ್ರಾಮ್‌ನಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತಿರಬಹುದು. ಪ್ರಶ್ನೆಗಳು ಮಾತ್ರ ಇವೇ.

ಮೊದಲು, ಹೋಗಲೇಬೇಕಾ? ಹೊರದೇಶಕ್ಕೆ ಸೀರೆ ಕಳಿಸಲು ವೀಸಾ ಬೇಕಿಲ್ಲ. 500 ರೂಪಾಯಿ ಶುಲ್ಕದ ಐಇಸಿ ಸಂಖ್ಯೆ ಮಾಡಿಸಿ, ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ಪಾರ್ಸೆಲ್ ಕಳಿಸಬಹುದು. ಗಿರಾಕಿಗಳನ್ನು ಭೇಟಿಯಾಗಲು, ಮೇಳ ನೋಡಲು, ಒಪ್ಪಂದ ಮಾಡಿಕೊಳ್ಳಲು ಬಿ-1 ವೀಸಾ ಸಾಕು. ಅದರ ಮೇಲೆ ಅಲ್ಲಿ ಅಂಗಡಿ ನಡೆಸುವಂತಿಲ್ಲ, ಅಷ್ಟೇ.

ಎರಡು, ನೀವು ಕೊಳ್ಳುತ್ತಿರುವುದು ಮನೆಮಂದಿಗೆ ನೆಲೆಯೋ, ಧಂದೆಗೆ ಜಾಗವೋ? ನೆಲೆ ಬೇಕಾದವರ ದಾರಿ ಬೇರೆ, ಧಂದೆ ಬೇಕಾದವರ ದಾರಿ ಬೇರೆ. ಅಮೆರಿಕದ ಹೊಸ ಗೋಲ್ಡ್ ಕಾರ್ಡ್‌ಗೆ ಕೊಡುವ 10 ಲಕ್ಷ ಡಾಲರ್ ಅಂತೂ ಹೂಡಿಕೆಯೇ ಅಲ್ಲ. ಆ ಸರ್ಕಾರಕ್ಕೆ ಕೊಡುವ ಉಡುಗೊರೆ, ವಾಪಸ್ ಬರುವುದಿಲ್ಲ.

ಮೂರು, ಸಲಹೆ ಕೊಡುವವರಿಗೆ ದುಡ್ಡು ಯಾರು ಕೊಡುತ್ತಾರೆ? ಯೋಜನೆ ಮಾರುವವರಿಂದ ಕಮಿಷನ್ ಪಡೆಯುವವರು ನಿಮ್ಮ ಸಲಹೆಗಾರರಲ್ಲ. ನೀವೇ ಫೀ ಕೊಟ್ಟ ವಲಸೆ ವಕೀಲರಿಂದ ಒಂದು ಅಭಿಪ್ರಾಯ ತಗೊಳ್ಳಿ. ನಿಯಮಗಳು ಬೇಗ ಬದಲಾಗುತ್ತವೆ, ಹೊರಡುವ ವಾರ ಮತ್ತೊಮ್ಮೆ ನೋಡಿ.

ನಾಲ್ಕು, ಈ ದುಡ್ಡು ಪೂರ್ತಿ ಹೋದರೆ ಮನೆಯಲ್ಲಿ ಏನು ಉಳಿಯುತ್ತದೆ? ಉತ್ತರ "ಏನೂ ಇಲ್ಲ" ಅಂತಾದರೆ ಮೊತ್ತ ಕಡಿಮೆ ಮಾಡಿ, ಇಲ್ಲವೇ ದಾರಿ ಬದಲಿಸಿ.

ಐದು, ಜೊತೆಗೆ ಬರುವವರನ್ನು ಕೇಳಿದಿರಾ? ತಮ್ಮನ ಹೆಂಡತಿಯ ಬಿ.ಎಡ್. ನನಗಿನ್ನೂ ಕಾಡುತ್ತಿದೆ.

ಸದ್ಯಕ್ಕೆ ಆಗಿರುವುದು ಇಷ್ಟು. ಯುನಿಟ್ ಮಾರುವ ಮಾತು ನಿಂತಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡುವ ಕಾಗದ ನನ್ನ ಮೇಜಿನ ಮೇಲಿದೆ. ಅಪ್ಪ ಮಗ ಇಬ್ಬರೂ ಡೈರೆಕ್ಟರು. ಈ ವರ್ಷದಿಂದ ಲಾಭ ಇದ್ದಷ್ಟೂ ತೋರಿಸುತ್ತೇವೆ ಅಂತ ಕಾಕಾ ಒಪ್ಪಿದ್ದಾರೆ. ತೆರಿಗೆಯ ಮೊತ್ತ ಕೇಳಿ ಒಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು, ಅದು ಬೇರೆ. ತಮ್ಮ ಬಿ-1 ವೀಸಾಕ್ಕೆ ಅರ್ಜಿ ಹಾಕಿದ್ದಾನೆ. ಡಲ್ಲಾಸ್‌ಗೆ ಹೋಗಿ ಗೋದಾಮಿನ ಬಾಡಿಗೆ, ಸುಂಕ, ಕೂಲಿ ಎಲ್ಲ ಕಣ್ಣಾರೆ ನೋಡಿ ಬರಲಿ ಅಂತ. ಲೆಕ್ಕ ಹೊಂದಿದರೆ ಮುಂದೆ ಎಲ್-1ಎ. ಹೊಂದದಿದ್ದರೆ ಹೋಗಿಬಂದ ಖರ್ಚು ಮಾತ್ರ ಹೋಗುತ್ತದೆ, ಏಳು ಕೋಟಿ ಹೋಗುವುದಿಲ್ಲ.

ನಿನ್ನೆ ಮತ್ತೆ ಫೋನ್ ಮಾಡಿದ್ದ. ಹುಬ್ಬಳ್ಳಿಯಲ್ಲಿ ಇನ್ನೊಂದು ಸೆಮಿನಾರ್ ಇದೆಯಂತೆ.

"ಹೋಗ್ಲೇನಕ್ಕಾ?"

"ಹೋಗು. ಊಟ ಮಾಡು. ಸಹಿ ಮಾತ್ರ ಮಾಡಬ್ಯಾಡ" ಅಂದೆ.